ಮೇಸ್ತ್ರಿ ಇಲ್ಲದ ಗುಳೆ

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯವರಿಗೆ ಊರು ಬಿಡುವುದು ಹೊಸ ಮಾತಲ್ಲ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷವಾದರೆ ಅದಕ್ಕೂ ಮೊದಲೇ, ತಾಂಡಾಗಳ ಬಾಗಿಲಿಗೆ ಬೀಗ ಬೀಳುತ್ತದೆ. ಕಟ್ಟೆಯ ಮೇಲೆ ಮುದುಕರು, ಅವರ ಸುತ್ತ ಶಾಲೆಗೆ ಹೋಗುವ ಮೊಮ್ಮಕ್ಕಳು ಉಳಿಯುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟ, ಮಂಡ್ಯದ ಕಬ್ಬು, ಬೆಂಗಳೂರಿನ ಕಟ್ಟಡ, ಗೋವಾ. ಎಲ್ಲ ಸವೆದ ದಾರಿಗಳೇ. ಆದರೆ ಆ ದಾರಿ ಪೂರ್ತಿ ಗೊತ್ತಿರುವುದು ಮೇಸ್ತ್ರಿಗೆ. ಮುಂಗಡ ಕೊಡುವವನು ಅವನು, ಗಾಡಿ ತರುವವನು ಅವನು, ಮಲಗಲು ಶೆಡ್ ತೋರಿಸುವವನೂ ಅವನೇ. ಹೋಗುವವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ದಿನ, ಎಷ್ಟು ಕೂಲಿ.

ಈಗ ಅದೇ ಮನೆಗಳ ಮಕ್ಕಳು ಓದಿಕೊಂಡಿದ್ದಾರೆ. ಹೂವಿನಹಡಗಲಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನರ್ಸಿಂಗ್ ಓದಲು ಬಳ್ಳಾರಿಗೋ ದಾವಣಗೆರೆಗೋ ಹೋದರಾಯಿತು. ಆಮೇಲೆ ಬೆಂಗಳೂರಿನಲ್ಲಿ ನಾಲ್ಕೈದು ವರ್ಷದ ನೌಕರಿ, ಅಲ್ಲಿಂದ ದುಬೈ, ಜರ್ಮನಿ, ಕೆನಡಾದ ಮಾತು. ಹಿರೇಹಡಗಲಿಯಂಥ ಹೋಬಳಿ ಊರಿನ ಚಹದಂಗಡಿಯಲ್ಲೂ ಇವತ್ತು ‘ಪಿಆರ್’ (ಹೊರದೇಶದ ಕಾಯಂ ವಾಸದ ಪರವಾನಗಿ) ಎಂದರೆ ಏನೆಂದು ಕೇಳುವವರು ಕಡಿಮೆ. ಇದರಲ್ಲಿ ಸಂತೋಷಪಡುವುದಕ್ಕೆ ಬೇಕಾದಷ್ಟಿದೆ. ನನಗಿರುವ ಆತಂಕ ಒಂದೇ. ಓದಿದ ಈ ಮಕ್ಕಳೂ ಮೊದಲು ಹುಡುಕುವುದು ಮೇಸ್ತ್ರಿಯನ್ನೇ. ಹೆಸರು ಮಾತ್ರ ಕನ್ಸಲ್ಟೆಂಟ್ ಎಂದಾಗಿದೆ, ಕೂರುವ ಜಾಗ ಎ.ಸಿ. ರೂಮು. ಇನ್ನೊಂದು ವ್ಯತ್ಯಾಸವೂ ಇದೆ. ಗುಳೆಯಲ್ಲಿ ಮುಂಗಡ ಕೊಡುತ್ತಿದ್ದವನು ಮೇಸ್ತ್ರಿ. ಇಲ್ಲಿ ಮುಂಗಡ ಕೊಡುವವರು ನಾವು.

‘ಹೆಂಗಾರ ಮಾಡಿ ಅಲ್ಲಿಗೆ ಹೋದ್ರ ಸಾಕು, ಮುಂದಿಂದು ನೋಡ್ಕೊಂಡ್ರಾತು’ ಎನ್ನುವ ಮಾತು ಕೂಲಿಗೆ ಹೋಗುವವರಿಗೆ ಒಂದಿಷ್ಟಾದರೂ ಹೊಂದುತ್ತಿತ್ತು. ಓದಿನ ಬಲದ ಮೇಲೆ ನೌಕರಿ ಹುಡುಕಿ ಹೋಗುವವರಿಗೆ ಅದು ಪೂರಾ ತಲೆಕೆಳಗಾದ ಲೆಕ್ಕ. ಹೋದ ಮೇಲೆ ನೋಡಿಕೊಳ್ಳಬಹುದಾದದ್ದು ಬಹಳ ಕಡಿಮೆ. ಮುಕ್ಕಾಲು ಕೆಲಸ ಊರು ಬಿಡುವ ಮುಂಚೆಯೇ, ಇಲ್ಲಿನ ನಾಡಕಚೇರಿ, ಹೈಸ್ಕೂಲು, ಯೂನಿವರ್ಸಿಟಿಗಳ ಕಿಟಕಿಯ ಮುಂದೆಯೇ ಆಗಬೇಕು.

ಕಾಗದದ ಜಗಳ

ಹಿರೇಹಡಗಲಿಗೆ ಬಂದವರು ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ ನೋಡಿ ಹೋಗುತ್ತಾರೆ. ಇತಿಹಾಸ ಓದುವವರಿಗೆ ಈ ಊರು ಇನ್ನೊಂದು ಕಾರಣಕ್ಕೆ ಗೊತ್ತು. ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳು ಸಿಕ್ಕಿದ್ದು ಇಲ್ಲಿ. ಸುಮಾರು 4ನೇ ಶತಮಾನದವು, ಭಾಷೆ ಪ್ರಾಕೃತ, ಹೊರಟದ್ದು ಕಂಚಿಯಿಂದ. ಜಾರ್ಜ್ ಬ್ಯೂಲರ್ ಅವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಅಪ್ಪ ಹಿಂದೆ ಕೊಟ್ಟಿದ್ದ ದಾನವನ್ನು ಮಗ ಪಟ್ಟಕ್ಕೆ ಬಂದ ಮೇಲೆ ತಾಮ್ರದ ಮೇಲೆ ಬರೆಸಿ ಗಟ್ಟಿ ಮಾಡಿಕೊಟ್ಟ ದಾಖಲೆ ಅದು. ಯಾವ ಯಾವ ಅಧಿಕಾರಿ ಈ ಆಜ್ಞೆಯನ್ನು ನಡೆಸಬೇಕೆಂದು ಸಾಲಾಗಿ ಹೇಳಿದೆ. ದೊರೆಯ ಮಾತಿಗೂ ದಾಖಲೆ ಬೇಕಾಗಿದ್ದ ಊರು ಇದು ಎಂದಮೇಲೆ ನಮ್ಮ ನಿಮ್ಮ ಮಾತೇನು.

ಈಗ ಈ ಊರಿನ ಹುಡುಗನೊಬ್ಬನ ಕಾಗದಗಳನ್ನು ಒಟ್ಟಿಗೆ ಹರಡಿ ನೋಡೋಣ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಒಂದು ‘ಎಲ್’, ಇನ್ನೊಂದು ಕಡೆ ಎರಡು. ಹಿರೇ ಬೇರೆ ಹಡಗಲಿ ಬೇರೆ ಒಮ್ಮೆ, ಎರಡೂ ಕೂಡಿಕೊಂಡು ಇನ್ನೊಮ್ಮೆ. ಜಿಲ್ಲೆ ಹಳೆಯ ಕಾಗದದಲ್ಲಿ ಬಳ್ಳಾರಿಯ ಇಂಗ್ಲಿಷ್ ರೂಪ. 2014ರ ನವೆಂಬರ್ 1ರ ನಂತರದ ಕಾಗದದಲ್ಲಿ ಕನ್ನಡದಂತೆಯೇ ಬಳ್ಳಾರಿ. 2021ರಿಂದ ವಿಜಯನಗರ. ಹರಪನಹಳ್ಳಿಯವರ ಪಾಡು ಇನ್ನೂ ಚೆಂದ. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. 1995ರಲ್ಲಿ ಹುಟ್ಟಿದವಳು ಮನೆ ಬದಲಿಸದೆ, ಓಣಿ ಕೂಡ ಬದಲಿಸದೆ, ಮೂರು ಜಿಲ್ಲೆಗಳಲ್ಲಿ ಬಾಳಿದಂತಾಯಿತು. ನಮಗೆ ಇದು ತಮಾಷೆ. ಒಟ್ಟಾವಾದಲ್ಲೋ ಬರ್ಲಿನ್ನಿನಲ್ಲೋ ಕಡತ ಬಿಚ್ಚಿ ಕುಳಿತವರಿಗೆ ಇವು ಮೂರು ಬೇರೆ ಬೇರೆ ಊರುಗಳು. ಅಂದರೆ ಒಂದು ಅನುಮಾನ.

ಹೆಸರಿನದು ಇದಕ್ಕಿಂತ ದೊಡ್ಡ ತಲೆನೋವು. ನಮ್ಮ ಕಡೆ ಕೊಟ್ರೇಶ, ಕೊಟ್ರಪ್ಪ, ಹಾಲೇಶ, ಮೈಲಾರಪ್ಪ ಎಂದು ದೇವರ ಹೆಸರಿಟ್ಟು ಮುಂದೆ ಒಂದು ಇನಿಷಿಯಲ್ ಅಂಟಿಸಿದರೆ ಮುಗಿಯಿತು. ಆ ಇನಿಷಿಯಲ್ ಕೆಲವರಿಗೆ ಊರು, ಕೆಲವರಿಗೆ ಅಪ್ಪ, ಕೆಲವರಿಗೆ ಎರಡೂ. ಲಂಬಾಣಿ ಮನೆಯ ಮಗನ ‘ನಾಯ್ಕ’ ಎಸ್ಸೆಸ್ಸೆಲ್ಸಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಡಿಗ್ರಿಯಲ್ಲಿ ಬರೀ ‘ಎನ್’. ಪಾಸ್‌ಪೋರ್ಟ್ ಅರ್ಜಿ ತುಂಬುವ ಕಂಪ್ಯೂಟರ್ ಸೆಂಟರ್‌ನವರು ಉಪನಾಮದ ಜಾಗವನ್ನು ಖಾಲಿ ಬಿಡುತ್ತಾರೆ. ಇಲ್ಲಿ ನಡೆಯುತ್ತದೆ, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಅಮೆರಿಕದ ವೀಸಾದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಉಪನಾಮದ ಜಾಗಕ್ಕೆ ಜರುಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ತಾತ್ಪರ್ಯ. ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಸಂಬಳದ ಪಟ್ಟಿ ಎಲ್ಲ ಕಡೆಯೂ ಆ ಮೂರಕ್ಷರವೇ ಹಿಂಬಾಲಿಸಿದವರಿದ್ದಾರೆ.

ಆದ್ದರಿಂದ ಮೊದಲ ಕೆಲಸ ಇಷ್ಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಐದನ್ನೂ ಒಂದೇ ಮೇಜಿನ ಮೇಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಎಸ್ಸೆಸ್ಸೆಲ್ಸಿಯನ್ನು ಬುಡವೆಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಎಸ್ಸೆಸ್ಸೆಲ್ಸಿಯೇ ತಪ್ಪಿದ್ದರೆ ಓದಿದ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಬರೆಯಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಸಣ್ಣ ವ್ಯತ್ಯಾಸವಾದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬಹುದು. ಹೆಸರೇ ಬೇರೆಯಾಗಿದ್ದರೆ ಪತ್ರಿಕಾ ಪ್ರಕಟಣೆ, ಗೆಜೆಟ್‌ವರೆಗೂ ಹೋಗಬೇಕಾದೀತು. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಬಸ್ ಚಾರ್ಜಿನಲ್ಲಿ ಮುಗಿಯುವುದು ಅಲ್ಲಿ ಕುಳಿತು ಮಾಡಿದರೆ ವಿಮಾನದ ಚಾರ್ಜಿನಲ್ಲೂ ಮುಗಿಯುವುದಿಲ್ಲ.

ಪಾಸ್‌ಪೋರ್ಟಿಗೆ ಹಿಂದಿನ ಹಾಗೆ ಬೆಂಗಳೂರಿಗೇ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ. ಬಳ್ಳಾರಿ, ದಾವಣಗೆರೆಯಂಥ ಊರುಗಳ ಅಂಚೆ ಕಚೇರಿಯಲ್ಲೂ ಅರ್ಜಿ ತೆಗೆದುಕೊಳ್ಳುತ್ತಾರೆ. ಮಾಮೂಲಿ ಪುಸ್ತಕಕ್ಕೆ ಸರ್ಕಾರಿ ಶುಲ್ಕ 1,500 ರೂಪಾಯಿ. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕೆಂದಿಲ್ಲ, ಎಸ್ಸೆಸ್ಸೆಲ್ಸಿ ದಾಖಲೆ ನಡೆಯುತ್ತದೆ. ಹತ್ತನೇ ತರಗತಿ ಪಾಸಾದವರು ಅರ್ಜಿಯಲ್ಲೇ ಅದರ ಪುರಾವೆ ಕೊಡಬೇಕು; ಇಲ್ಲವಾದರೆ ‘ಇಸಿಆರ್’ ಎಂಬ ಮುದ್ರೆ ಬೀಳುತ್ತದೆ, ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಕಚೇರಿಯ ಅನುಮತಿ ಬೇಕಾಗುತ್ತದೆ.

ಇನ್ನು ಡಿಗ್ರಿ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೂ ಮುಂಚೆ ಈ ಕಡೆ ಬಿ.ಎ., ಬಿ.ಎಸ್ಸಿ. ಮಾಡಿದವರ ದಾಖಲೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ. ಎಂಜಿನಿಯರುಗಳದು ಬೆಳಗಾವಿಯ ವಿಟಿಯು, ನರ್ಸುಗಳದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ಹೊರದೇಶದವರು ಕೇಳುವುದು ಅಂಕಪಟ್ಟಿಯ ಝೆರಾಕ್ಸ್ ಅಲ್ಲ. ಯೂನಿವರ್ಸಿಟಿಯೇ ಮೊಹರು ಮಾಡಿ ನೇರವಾಗಿ ಕಳಿಸುವ ಟ್ರಾನ್ಸ್‌ಕ್ರಿಪ್ಟ್. ಕೆನಡಾಕ್ಕೆ ಹೋಗುವವರು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಡಿಗ್ರಿಯ ಬೆಲೆ ಕಟ್ಟಿಸಬೇಕು, ಆ ವರದಿ 5 ವರ್ಷ ನಡೆಯುತ್ತದೆ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೆ 2 ವರ್ಷದ ಆಯುಸ್ಸು. ಹಾಗಾಗಿ ಟ್ರಾನ್ಸ್‌ಕ್ರಿಪ್ಟ್ ಮೊದಲು, ಐಇಎಲ್‌ಟಿಎಸ್ ಆಮೇಲೆ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಪರೀಕ್ಷೆಯ ಶುಲ್ಕವನ್ನು ಎರಡು ಸಲ ಕಟ್ಟುತ್ತಾರೆ.

ಅಪೋಸ್ಟಿಲ್ ಎಂಬ ವಿದೇಶಾಂಗ ಸಚಿವಾಲಯದ ಮುದ್ರೆಗೆ ಒಂದು ಕಾಗದಕ್ಕೆ ಸರ್ಕಾರ ಪಡೆಯುವುದು 50 ರೂಪಾಯಿ. ಅರ್ಜಿ ತೆಗೆದುಕೊಳ್ಳುವ ಅಧಿಕೃತ ಏಜೆನ್ಸಿಯ ಸೇವಾ ಶುಲ್ಕ ಅದರ ಮೇಲೆ ಒಂದಿಷ್ಟು. ಇದಕ್ಕೆ ಸಾವಿರಗಟ್ಟಲೆ ಹೇಳುವವರು ಸಿಕ್ಕರೆ ಆ ಸಾವಿರ ಯಾವುದಕ್ಕೆಂದು ಬಿಡಿಸಿ ಕೇಳಿ.

ಎಲ್ಲರೂ ಮರೆಯುವ ಕಾಗದವೊಂದಿದೆ: ಕೆಲಸದ ಅನುಭವದ ಪತ್ರ. ಬೆಂಗಳೂರಿನ ಕಂಪನಿ ಬಿಡುವಾಗ ಕೊಡುವ ರಿಲೀವಿಂಗ್ ಲೆಟರಿನಲ್ಲಿ ಸೇರಿದ ದಿನ, ಬಿಟ್ಟ ದಿನ, ಮುಂದಿನ ಜೀವನಕ್ಕೆ ಶುಭಾಶಯ, ಅಷ್ಟೇ. ಕೆನಡಾದವರಿಗೆ ಬೇಕಾದದ್ದು ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಮತ್ತು ದಿನನಿತ್ಯ ಏನು ಕೆಲಸ ಮಾಡುತ್ತಿದ್ದಿರಿ ಎಂಬ ವಿವರ, ಸಹಿಯೊಂದಿಗೆ. ಕೆಲಸ ಬಿಟ್ಟು ಮೂರು ವರ್ಷವಾದ ಮೇಲೆ ಇದನ್ನು ಕೇಳಲು ಹೋದರೆ ಹಳೆಯ ಮ್ಯಾನೇಜರ್ ಎಲ್ಲಿರುತ್ತಾನೋ. ಬಿಡುವ ವಾರವೇ ಬರೆಸಿಕೊಳ್ಳಿ. ಸಂಬಳದ ಚೀಟಿ, ಫಾರ್ಮ್ 16ಗಳನ್ನೂ ಕಂಪನಿಯ ಇಮೇಲ್ ಮುಚ್ಚುವ ಮುನ್ನ ಇಳಿಸಿಟ್ಟುಕೊಳ್ಳಿ.

ಏಜೆಂಟರ ಲೆಕ್ಕ

1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವವರು ಕೇಂದ್ರ ಸರ್ಕಾರದ ನೋಂದಣಿ ಪಡೆದಿರಬೇಕು. ಅವರ ಪಟ್ಟಿ ‘ಇ-ಮೈಗ್ರೇಟ್’ ತಾಣದಲ್ಲಿದೆ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಮೂರು ಲಕ್ಷ, ಐದು ಲಕ್ಷ ಕೇಳುವವನಿಗೆ ಅದನ್ನು ಕೇಳುವ ಹಕ್ಕೇ ಇಲ್ಲ. ಕೆನಡಾದ ವಲಸೆ ಸಲಹೆಗೆ ದುಡ್ಡು ತೆಗೆದುಕೊಳ್ಳಲು ಆ ದೇಶದ ಪರವಾನಗಿ ಬೇಕು. ಆ ಪಟ್ಟಿಯೂ ಎಲ್ಲರಿಗೂ ತೆರೆದಿದೆ. ‘ಜಾಬ್ ಆಫರ್’ ಲೆಟರನ್ನು ಮಾರುವುದಂತೂ ಅಲ್ಲಿ ಅಪರಾಧ. ಅಂಥ ಲೆಟರಿಗೆ, ವಲಸಿಗರನ್ನು ಅಂಕ ನೋಡಿ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನೂ 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದ್ದಾರೆ.

ಕಣ್ಣಮುಂದಿನ ಪ್ರಕರಣಗಳು ಸಾಲದೆ? ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಕಡೆಯ ಯುವಕರು 2024ರಲ್ಲಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದಿದ್ದರು. ಅದಕ್ಕೂ ಹಿಂದಿನ ವರ್ಷ ಸುಡಾನಿನಲ್ಲಿ ಕಾಳಗ ಶುರುವಾದಾಗ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರನ್ನು ‘ಆಪರೇಷನ್ ಕಾವೇರಿ’ಯಲ್ಲಿ ಕರೆತರಬೇಕಾಯಿತು. ಕಂಪ್ಯೂಟರ್ ಕೆಲಸವೆಂದು ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋದ ಭಾರತೀಯ ಹುಡುಗರನ್ನು ಆನ್‌ಲೈನ್ ವಂಚನೆಯ ಕೂಪಗಳಲ್ಲಿ ಕೂಡಿಹಾಕಿದ್ದೂ ಗೊತ್ತಿರುವ ಸಂಗತಿ. ಅವರಲ್ಲಿ ಪದವೀಧರರೂ ಇದ್ದರು. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ ಎಂದವನ ಕಚೇರಿಯಿಂದ ಚಹ ಕುಡಿಯದೆ ಎದ್ದು ಬನ್ನಿ. ಅನುಮಾನವಿದ್ದರೆ ಕೇಂದ್ರದ ಪ್ರವಾಸಿ ಭಾರತೀಯ ಸಹಾಯ ಕೇಂದ್ರಕ್ಕೆ 1800-11-3090ರಲ್ಲಿ ಕೇಳಬಹುದು, ಕರೆ ಉಚಿತ.

ಓದಿದ್ದೇ ಕೆಲಸ ಸಿಗುತ್ತದೆಯೇ

ಇದಕ್ಕೆ ಉತ್ತರ ದೇಶದ ಮೇಲಲ್ಲ, ವೃತ್ತಿಯ ಮೇಲೆ ನಿಂತಿದೆ. ಸಾಫ್ಟ್‌ವೇರ್, ಮಾರಾಟ, ವಿನ್ಯಾಸದಂಥ ಕೆಲಸಕ್ಕೆ ಯಾರ ಲೈಸೆನ್ಸೂ ಬೇಡ, ಕಂಪನಿ ಒಪ್ಪಿದರೆ ಮುಗಿಯಿತು. ವೈದ್ಯರು, ನರ್ಸು, ಔಷಧ ತಜ್ಞರು, ಶಾಲಾ ಶಿಕ್ಷಕರು, ವಕೀಲರು ಹಾಗಲ್ಲ. ಆಯಾ ದೇಶದ ಮಂಡಳಿ ಒಪ್ಪುವವರೆಗೆ ಇಲ್ಲಿನ ಇಪ್ಪತ್ತು ವರ್ಷದ ಅನುಭವಕ್ಕೂ ಅಲ್ಲಿ ಕುರ್ಚಿಯಿಲ್ಲ. ಬ್ರಿಟನ್ನಿಗೆ ಹೋಗುವ ವೈದ್ಯರಿಗೆ ಪ್ಲ್ಯಾಬ್ ಪರೀಕ್ಷೆ, ನರ್ಸುಗಳಿಗೆ ಕಂಪ್ಯೂಟರ್ ಪರೀಕ್ಷೆಯ ಜೊತೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಗಲ್ಫಿಗೆ ದಾಖಲೆಗಳ ‘ಡೇಟಾಫ್ಲೋ’ ಪರಿಶೀಲನೆ, ಪ್ರೊಮೆಟ್ರಿಕ್ ಪರೀಕ್ಷೆ. ಟಿಕೆಟ್ ತೆಗೆಯುವ ಮುನ್ನ ನಿಮ್ಮ ವೃತ್ತಿ ಈ ಎರಡು ಸಾಲಿನಲ್ಲಿ ಯಾವುದರಲ್ಲಿದೆ ಎಂದು ತಿಳಿಯದಿದ್ದರೆ ಉಳಿದ ಯಾವ ತಯಾರಿಯೂ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಸೀಮೆಯ ಮಟ್ಟಿಗೆ ನರ್ಸಿಂಗ್ ಓದಿದ ಹೆಣ್ಣುಮಕ್ಕಳ ವಿಷಯ ಹೆಚ್ಚು ಹೇಳಬೇಕು. ಜರ್ಮನಿಗೆ ಕೆಲಸದವರು ಬೇಕಾಗಿದ್ದಾರೆ. ಭಾರತದ ಕುಶಲ ನೌಕರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಮಿತಿಯನ್ನು 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಆ ಸರ್ಕಾರ ಹೇಳಿತು. ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ಎತ್ತರ, ಅದು ಭಾಷೆಯದು. ನರ್ಸ್ ಎಂದು ಪೂರ್ತಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟ ಬೇಕು. ಅದಿಲ್ಲದೆ ಬಿ.ಎಸ್ಸಿ. ನರ್ಸಿಂಗ್ ಮಾಡಿದವಳೂ ಸಹಾಯಕಿಯ ಸಂಬಳಕ್ಕೆ ದುಡಿಯಬೇಕು. ರೋಗಿ ಎದೆ ಹಿಡಿದುಕೊಂಡು ಏನು ಹೇಳಿದನೆಂದು ಅರ್ಥವಾಗದಿದ್ದರೆ ಔಷಧ ಕೊಡುವವರು ಹೇಗೆ ಕೊಟ್ಟಾರು. ಆ ನಿಯಮದಲ್ಲಿ ತಪ್ಪೇನೂ ಕಾಣಿಸುವುದಿಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೊದಲ ಪಾಠದಿಂದ ಬಿ2ವರೆಗೆ ಬರಲು ಮನಸ್ಸಿಟ್ಟು ಓದಿದರೂ ವರ್ಷದ ಮಾತು. ಮೂರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎಂಬ ಫ್ಲೆಕ್ಸ್ ಬೋರ್ಡುಗಳನ್ನು ನಂಬಬೇಡಿ. ಹಾಗೆಯೇ ಬ್ರಿಟನ್ನಿನ ಕೇರ್ ವರ್ಕರ್ ವೀಸಾ ಕೊಡಿಸುತ್ತೇವೆ ಎನ್ನುವವರನ್ನೂ. ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು 2025ರ ಜುಲೈ 22ರಂದೇ ನಿಲ್ಲಿಸಿದ್ದಾರೆ.

ಕೆಲಸ ಸಿಗದೆಯೂ ಹುಡುಕಲೆಂದು ಹೋಗಲು ಜರ್ಮನಿ 2024ರ ಜೂನ್ 1ರಿಂದ ‘ಚಾನ್ಸನ್‌ಕಾರ್ಟೆ’ ಎಂಬ ಒಂದು ವರ್ಷದ ಅವಕಾಶ ಕೊಟ್ಟಿದೆ. ಓದು, ಭಾಷೆ, ವಯಸ್ಸು, ಅನುಭವಕ್ಕೆ ಅಂಕ. ಕನಿಷ್ಠ 6 ಬೇಕು. ವಾರಕ್ಕೆ 20 ಗಂಟೆ ಸಣ್ಣ ಕೆಲಸ ಮಾಡಿಕೊಳ್ಳಬಹುದು. ಆ ವರ್ಷದ ಊಟ ವಸತಿಗೆ ದುಡ್ಡಿದೆಯೆಂದು ಮೊದಲೇ ತೋರಿಸಬೇಕು, 2025ರ ಲೆಕ್ಕದಲ್ಲಿ ತಿಂಗಳಿಗೆ ಸಾವಿರ ಯೂರೋ ಮೀರುತ್ತದೆ. ಸಾಲ ಮಾಡಿ ಇದಕ್ಕೆ ಹೋಗುವುದನ್ನು ನಾನು ಒಪ್ಪಲಾರೆ. ಬೆಂಗಳೂರಿನಲ್ಲಿ ದುಡಿದು ಉಳಿಸಿದವರಿಗೆ, ಭಾಷೆ ಒಂದಿಷ್ಟು ಬಂದವರಿಗೆ ಇದು ಒಳ್ಳೆಯ ದಾರಿ.

ಅಮೆರಿಕದ ಮಾತು ಈಗ ಬೇಡ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಹೊಸಬರನ್ನು ಇಲ್ಲಿಂದ ಕರೆಸುವ ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಕೆನಡಾದಲ್ಲಿ ಹೊಸಬರನ್ನು ಬಹಳ ಕಾಲ ಕಾಡಿದ್ದು ‘ಕೆನಡಾದ ಅನುಭವ ಇದೆಯೇ’ ಎಂಬ ಪ್ರಶ್ನೆ. ಒಂಟಾರಿಯೊದ ಎಂಜಿನಿಯರುಗಳ ಪರವಾನಗಿ ಸಂಸ್ಥೆ 2023ರ ಮೇ ತಿಂಗಳಲ್ಲಿ ಆ ಷರತ್ತನ್ನು ಕೈಬಿಟ್ಟಿದೆ. ಕಂಪನಿಗಳು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳುತ್ತಲೇ ಇರುತ್ತವೆ, ಅದಕ್ಕೆ ಯಾವ ಕಾಯ್ದೆಯೂ ಇಲ್ಲ.

ಮೊದಲ ಆರು ತಿಂಗಳು

ಜರ್ಮನಿಯಲ್ಲಿ ಮನೆ ಸಿಕ್ಕ ಎರಡು ವಾರದೊಳಗೆ ಊರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರ ಸಹಿಯ ಪತ್ರ ಬೇಕು. ಅದಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅದಿಲ್ಲದಿದ್ದರೆ ಸಂಬಳದಲ್ಲಿ ಹೆಚ್ಚು ತೆರಿಗೆ ಕತ್ತರಿಸುತ್ತಾರೆ. ಅಂಚೆ ಬರಬೇಕಾದರೆ ಬಾಗಿಲ ಡಬ್ಬಿಯ ಮೇಲೆ ನಿಮ್ಮ ಹೆಸರಿರಬೇಕು. ನಮ್ಮಲ್ಲಿ ಪೋಸ್ಟ್‌ಮನ್ ಇಂಥವರ ಮಗ ಎಂದರೆ ತಂದುಕೊಡುತ್ತಾನೆ. ಅಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದವನು ಆ ಮನೆಯಲ್ಲಿ ಇಲ್ಲ. ಬ್ಯಾಂಕಿನ ಕಾರ್ಡು, ವಿಮೆಯ ಪತ್ರ, ವೀಸಾ ಕಚೇರಿಯ ಕರೆ ಎಲ್ಲವೂ ವಾಪಸು ಹೋಗುತ್ತವೆ. ಬಾಡಿಗೆಯಲ್ಲಿ ‘ತಣ್ಣನೆ’ ಬಾಡಿಗೆ, ‘ಬಿಸಿ’ ಬಾಡಿಗೆ ಎಂದು ಎರಡಿವೆ; ಹೀಟರು, ನೀರು ಸೇರಿದ್ದು ಬಿಸಿ. ಅಡುಗೆಮನೆಯ ಕಟ್ಟೆ, ಒಲೆ, ಸಿಂಕು ಕೂಡ ಇಲ್ಲದೆ ಬರೀ ಗೋಡೆ ಕೊಡುವ ಮನೆಗಳೂ ಇವೆ, ಕೇಳಿಯೇ ಒಪ್ಪಿಕೊಳ್ಳಿ. ಟಿವಿ ಇರಲಿ ಬಿಡಲಿ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಆ ನೋಟಿಸನ್ನು ಮೋಸವೆಂದು ಹರಿದೆಸೆದವರಿಗೆ ಬಾಕಿ ಬೆಳೆಯುತ್ತದೆ. ನೋಡದ ಮನೆಗೆ ಮಾತ್ರ ಇಲ್ಲಿಂದಲೇ ಡಿಪಾಸಿಟ್ ಕಳಿಸಬೇಡಿ. ಬಾಡಿಗೆ ಮನೆಯ ಹೆಸರಿನಲ್ಲಿ ಹೊಸಬರನ್ನು ಸುಲಿಯುವುದು ಎಲ್ಲ ದೇಶದಲ್ಲೂ ನಡೆಯುತ್ತದೆ.

ಕೆನಡಾದಲ್ಲಿ ಇಳಿದ ಕೂಡಲೇ ಸಾಮಾಜಿಕ ವಿಮಾ ಸಂಖ್ಯೆ ಮಾಡಿಸಬೇಕು, ಅದು ಉಚಿತ. ಹೊಸದಾಗಿ ಬಂದು ನೆಲೆಸುವವರಿಗೆಂದೇ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸೇವಾ ಕೇಂದ್ರಗಳು ಪ್ರತಿ ದೊಡ್ಡ ಊರಿನಲ್ಲೂ ಇವೆ. ರೆಸ್ಯೂಮೆ ತಿದ್ದಿಕೊಡುತ್ತಾರೆ, ಸಂದರ್ಶನ ಅಭ್ಯಾಸ ಮಾಡಿಸುತ್ತಾರೆ, ನಿಮ್ಮದೇ ವೃತ್ತಿಯ ಸ್ಥಳೀಯರೊಬ್ಬರನ್ನು ಪರಿಚಯ ಮಾಡಿಸುತ್ತಾರೆ. ಪುಕ್ಕಟೆ ಎಂದರೆ ನಮ್ಮವರಿಗೆ ಅಸಡ್ಡೆ. ಇಲ್ಲಿ ಏಜೆಂಟನಿಗೆ ಲಕ್ಷ ಕೊಟ್ಟವರು ಅಲ್ಲಿ ಆ ಬಾಗಿಲನ್ನು ತಟ್ಟುವುದೇ ಇಲ್ಲ.

ರೆಸ್ಯೂಮೆಯ ಮಾತು ಬಂತು. ನಮ್ಮ ಬಯೋಡೇಟಾದಲ್ಲಿ ತಂದೆಯ ಹೆಸರು, ಜನ್ಮದಿನ, ಮದುವೆಯಾಗಿದೆಯೋ ಇಲ್ಲವೋ, ಕೊನೆಗೆ ‘ಮೇಲಿನದೆಲ್ಲ ನಿಜವೆಂದು ಘೋಷಿಸುತ್ತೇನೆ’ ಎಂಬ ಸಾಲು, ಊರು, ದಿನಾಂಕ. ಕೆನಡಾ, ಬ್ರಿಟನ್ನಿನಲ್ಲಿ ಇವೆಲ್ಲ ತೆಗೆಯಬೇಕು, ಫೋಟೊ ಕೂಡ. ಇರಬೇಕಾದದ್ದು ನೀವು ಮಾಡಿದ ಕೆಲಸ ಮತ್ತು ಅದರಿಂದ ಆದದ್ದು. ನಮ್ಮ ಹುಡುಗರು ಇಲ್ಲಿ ಎಡವುತ್ತಾರೆ. ‘ನಾವು ಮಾಡಿದೆವು’ ಎಂದು ಬರೆಯುತ್ತಾರೆ, ಹಿರಿಯರ ಮುಂದೆ ನಾನು ಎನ್ನಲು ಸಂಕೋಚ. ಮನೆಯಲ್ಲಿ ಅದು ಒಳ್ಳೆಯ ಗುಣ. ಸಂದರ್ಶನದಲ್ಲಿ ಎದುರಿಗೆ ಕುಳಿತವರು ನಿಮ್ಮ ಪಾಲಿನ ಕೆಲಸ ಯಾವುದೆಂದು ಕೇಳುತ್ತಿದ್ದಾರೆ, ಅದನ್ನು ಹೇಳದಿದ್ದರೆ ಮಾಡಿಲ್ಲವೆಂದೇ ಅರ್ಥ.

ಮೊದಲ ಕೆಲಸ ಓದಿದ್ದಕ್ಕೆ ತಕ್ಕದ್ದಾಗದೆ ಇರಬಹುದು. ಗೋದಾಮು, ಅಂಗಡಿ, ಡೆಲಿವರಿ. ಊರಲ್ಲಿ ‘ಎಂಜಿನಿಯರ್ ಅಂತ ಹೋದ, ತಟ್ಟೆ ತೊಳಿತಾನಂತ’ ಎನ್ನುವವರು ಇದ್ದೇ ಇರುತ್ತಾರೆ; ಅವರ ಬಾಯಿಗೆ ಹೆದರಿ ಬಾಡಿಗೆ ನಿಲ್ಲಿಸಲಾಗುವುದಿಲ್ಲ. ಆದರೆ ಹೊಟ್ಟೆಪಾಡಿನ ಕೆಲಸಕ್ಕೆ ಗಡುವು ಹಾಕಿಕೊಳ್ಳಿ. ಎರಡು ಪಾಳಿ ದುಡಿದು ದಣಿದವನಿಗೆ ಲೈಸೆನ್ಸ್ ಪರೀಕ್ಷೆಗೆ ಓದುವ ತ್ರಾಣ ಇರುವುದಿಲ್ಲ, ಎರಡು ವರ್ಷ ಕಳೆಯುವಷ್ಟರಲ್ಲಿ ಓದಿದ ವೃತ್ತಿಯಿಂದ ದೂರವಾಗಿರುತ್ತಾನೆ. ಒಂದೇ ಪಾಳಿ ಮಾಡಿ ಉಳಿದ ಹೊತ್ತನ್ನು ನಿಮ್ಮ ವೃತ್ತಿಗೆ ಹತ್ತಿರದ ಕೆಲಸ ಹುಡುಕಲು ಇಡುವವರು ಬೇಗ ಮೇಲೆ ಬರುತ್ತಾರೆ. ನರ್ಸಿಗೆ ವೃದ್ಧಾಶ್ರಮ, ಸಿವಿಲ್ ಎಂಜಿನಿಯರಿಗೆ ಕಟ್ಟಡದ ಅಳತೆ ಪರಿಶೀಲನೆ, ಲೆಕ್ಕಪತ್ರದವರಿಗೆ ಬಿಲ್ಲಿನ ಮೇಜು. ಹುದ್ದೆ ಸಣ್ಣದಾದರೂ ಅದೇ ಓಣಿಯದು.

ಕನ್ನಡ ಸಂಘಗಳಿಗೆ ಹೋಗಿ. ಬ್ರಿಟನ್ನಿನ ಕನ್ನಡ ಬಳಗ, ಕ್ಯಾಲಿಫೋರ್ನಿಯಾದ ಕನ್ನಡ ಕೂಟ, ಫ್ರಾಂಕ್‌ಫರ್ಟಿನ ರೈನ್ ಮೈನ್ ಕನ್ನಡ ಸಂಘ, ಎಲ್ಲ ಕಡೆಯೂ ರಾಜ್ಯೋತ್ಸವದ ಊಟಕ್ಕೆ ಹೊಸ ಮುಖಗಳಿಗೆ ಸ್ವಾಗತವಿದೆ. ಯಾವ ಬಡಾವಣೆಯಲ್ಲಿ ಬಾಡಿಗೆ ಕಡಿಮೆ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಯಾವ ಮಾಲೀಕ ಡಿಪಾಸಿಟ್ ನುಂಗುತ್ತಾನೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ನೌಕರಿ ಕೊಡಿಸಿ ಎಂದು ಮೊದಲ ಭೇಟಿಯಲ್ಲೇ ಕೇಳಿ ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಆ ವೃತ್ತಿಯಲ್ಲಿ ಏನು ನಡೆದಿದೆ ಎಂದು ಕೇಳಿ, ಬೇಕಾದಷ್ಟು ಹೇಳುತ್ತಾರೆ.

ಹೊಲ, ಬ್ಯಾಂಕು, ಅಪ್ಪ ಅಮ್ಮ

ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಮಾನ್ಯತೆ ಇದೆ. ಮಗನ ಕೆನಡಾ ಓದಿಗೆ ಆ ಮಲ್ಲಿಗೆ ತೋಟವನ್ನೇ ಅಡವಿಡುವ ಮೊದಲು ಬೇರೆ ದಾರಿ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆಯಿದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಒಂದು ಕಾನೂನು ನಮ್ಮ ರೈತ ಕುಟುಂಬಗಳಿಗೆ ಅಷ್ಟಾಗಿ ಗೊತ್ತಿಲ್ಲ: ಅನಿವಾಸಿ ಭಾರತೀಯರಾದ ಮೇಲೆ ಕೃಷಿ ಜಮೀನನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ದುಡಿದು ಬಂದು ಪಕ್ಕದ ಹೊಲ ಕೊಳ್ಳುತ್ತೇನೆ ಎಂದು ಹೊರಡುವ ಮಗನಿಗೆ ಇದನ್ನು ಮೊದಲೇ ಹೇಳಬೇಕು. ಪಿಎಂ ಕಿಸಾನ್ ಹಣಕ್ಕೂ ಅನಿವಾಸಿಗಳು ಅರ್ಹರಲ್ಲ. ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಪಾಲು, ಖಾತೆ ಬದಲಾವಣೆ, ಬ್ಯಾಂಕ್ ಸಾಲದ ಸಹಿಗಾಗಿ ಅಪ್ಪನಿಗೋ ತಮ್ಮನಿಗೋ ಹೋಗುವ ಮುನ್ನವೇ ಜಿಪಿಎ (ಅಧಿಕಾರ ಪತ್ರ) ಮಾಡಿಕೊಟ್ಟರೆ ಚೆನ್ನ; ಅಲ್ಲಿಂದ ಮಾಡಿಕೊಡುವುದಾದರೆ ಭಾರತದ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು, ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನು ಬರೆಸುವಾಗ ಯಾವ ಸರ್ವೆ ನಂಬರು, ಯಾವ ಕೆಲಸ ಎಂದು ಬಿಡಿಸಿ ಬರೆಸಿ. ಎಲ್ಲ ಅಧಿಕಾರ ಕೊಟ್ಟಿದ್ದೇನೆ ಎಂಬ ಒಂದು ಸಾಲಿನಿಂದ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನೋಡಿದ್ದೇವೆ.

ಕೇರಳದವರು ಇದನ್ನೆಲ್ಲ ಸರ್ಕಾರದ ಕೆಲಸವೆಂದು ಬಹಳ ಹಿಂದೆಯೇ ಒಪ್ಪಿಕೊಂಡರು. ವಿದೇಶಿ ಉದ್ಯೋಗಕ್ಕೆಂದು ಅಲ್ಲಿ 1977ರಲ್ಲೇ ನಿಗಮ ಮಾಡಿದರು, 1996ರಲ್ಲಿ ಅನಿವಾಸಿಗಳಿಗೆಂದು ಒಂದು ಇಲಾಖೆಯನ್ನೇ ತೆರೆದರು. 2021ರಿಂದ ಜರ್ಮನಿಯ ಉದ್ಯೋಗ ಸಂಸ್ಥೆಯ ಜೊತೆಗಿನ ಒಪ್ಪಂದದಲ್ಲಿ ಅಲ್ಲಿನ ನರ್ಸುಗಳು ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡದೆ ಭಾಷೆ ಕಲಿತು ಹೋಗುತ್ತಿದ್ದಾರೆ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅನಿವಾಸಿ ಭಾರತೀಯ ಸಮಿತಿ ಇದೆ. ಎರಡೂ ಬೆಂಗಳೂರಿನಲ್ಲಿವೆ. ರೈಲೇ ಇಲ್ಲದ ಹಡಗಲಿ ತಾಲ್ಲೂಕಿನ ಹುಡುಗಿಗೆ ಅವು ಜರ್ಮನಿಯಷ್ಟೇ ದೂರ.

ವಿಜಯನಗರ ಜಿಲ್ಲಾಡಳಿತಕ್ಕೆ ಒಂದು ಬೇಡಿಕೆ ಇಡುತ್ತೇನೆ. ತಿಂಗಳಿಗೊಂದು ದಿನ ಹೊಸಪೇಟೆಯಲ್ಲಿ ಅಥವಾ ಹಡಗಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ವಲಸೆ ಕೇಂದ್ರದವರನ್ನು, ಪಾಸ್‌ಪೋರ್ಟ್ ಕಚೇರಿಯವರನ್ನು, ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ವಿಭಾಗದವರನ್ನು ಒಂದೇ ಮೇಜಿನ ಮುಂದೆ ಕೂರಿಸಿ. ಜಿಲ್ಲೆಗಳ ಹೆಸರು ಬದಲಾದ ಬಗ್ಗೆ ಹೊರದೇಶದ ಕಚೇರಿಗಳು ಒಪ್ಪುವಂತೆ ಇಂಗ್ಲಿಷಿನಲ್ಲಿ ಒಂದು ಪುಟದ ಅಧಿಕೃತ ಪ್ರಮಾಣಪತ್ರವನ್ನು ತಹಶೀಲ್ದಾರರು ಕೊಡುವಂತಾಗಲಿ. ಹರಪನಹಳ್ಳಿಯವರ ಅರ್ಧ ತೊಂದರೆ ಅಲ್ಲಿಗೆ ತೀರುತ್ತದೆ. ಈಗಾಗಲೇ ಹೋಗಿ ನೆಲೆನಿಂತ ಈ ಸೀಮೆಯ ನರ್ಸುಗಳು, ಎಂಜಿನಿಯರುಗಳು ಆ ದಿನ ಒಂದು ಗಂಟೆ ವಿಡಿಯೊ ಕರೆಯಲ್ಲಿ ಮಾತಾಡಿದರೆ ಏಜೆಂಟರ ಫ್ಲೆಕ್ಸ್ ಬೋರ್ಡಿಗೆ ಬೆಲೆ ಉಳಿಯುವುದಿಲ್ಲ. ಖರ್ಚು ಕುರ್ಚಿ ಮೇಜಿನದು, ಚಹದ್ದು. ಅಷ್ಟನ್ನು ಈ ಶೈಕ್ಷಣಿಕ ವರ್ಷದಲ್ಲೇ ಶುರು ಮಾಡಬಹುದು.